ಪಾಪ ಅನ್ನಬೇಡಿ, ಮುಂಗಡ ಕೊಡಿ

ಕಿವಿ ಕೇಳದ ಕಲಾವಿದರ ಕುರಿತ ನಿಮ್ಮ ಪತ್ರಿಕೆಯ ಲೇಖನದ ಕೊನೆಗೆ, ಅವರ ಕೃತಿಗಳನ್ನು ‘ಸಹಾಯಾರ್ಥವಾಗಿ’ ಕೊಳ್ಳಿ ಎಂದು ಕೇಳಿಕೊಂಡಿದ್ದೀರಿ. ಆ ಒಂದು ಮಾತು ನನಗೆ ಸರಿಬೀಳಲಿಲ್ಲ.

ಶಿರಸಿಯಲ್ಲಿ ನಮ್ಮ ಮನೆ ಹತ್ತಿರದ ಹುಡುಗನೊಬ್ಬನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಗುಡಿಗಾರರ ಬಳಿ ಕೂತು ಮರದ ಕೆತ್ತನೆ ಕಲಿತ. ಅದು ಕಣ್ಣಲ್ಲೇ ಕಲಿಯುವ ವಿದ್ಯೆ, ಅಲ್ಲೇನೂ ತೊಡಕಾಗಲಿಲ್ಲ. ತೊಡಕಾದದ್ದು ಫೋನಿನಿಂದ. ಗಿರಾಕಿ ಕರೆ ಮಾಡಿದರೆ ಎತ್ತುವವನು ಅಣ್ಣ, ದರ ಹೇಳುವವನೂ ಅಣ್ಣ. ಎರಡು ತಿಂಗಳು ಕೂತು ಕೆತ್ತಿದ ಗಣಪತಿಯನ್ನು ಅಂಗಡಿಯವರೊಬ್ಬರು ‘ಪಾಪದ ಹುಡುಗ’ ಎನ್ನುತ್ತಲೇ ಅರ್ಧ ದರಕ್ಕೆ ಒಯ್ದರು. ಪಾಪ ಅನ್ನುವವರದ್ದೇ ಚೌಕಾಸಿ ಜಾಸ್ತಿ ಮಾರಾಯ್ರೆ!

ಎಂಟನೇ ವಯಸ್ಸಿಗೇ ಶ್ರವಣಶಕ್ತಿ ಕಳೆದುಕೊಂಡ ಕಲಾವಿದ ಸತೀಶ್ ಗುಜ್ರಾಲ್ ಚಿತ್ರ, ಶಿಲ್ಪಗಳ ಜೊತೆಗೆ ದೆಹಲಿಯ ಬೆಲ್ಜಿಯಂ ರಾಯಭಾರ ಕಚೇರಿಯನ್ನೂ ವಿನ್ಯಾಸ ಮಾಡಿದರು. ಕನಿಕರಕ್ಕೆ ಯಾರಾದರೂ ಅಂಥ ಕೆಲಸ ಕೊಡುತ್ತಾರೆಯೇ?

ಸರ್ಕಾರದ್ದು ಏನೂ ಇಲ್ಲ ಅಂತಲೂ ಅಲ್ಲ. ಕುಶಲಕರ್ಮಿಗಳಿಗಾಗಿ 2023ರಲ್ಲಿ ಶುರುವಾದ ಕೇಂದ್ರದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಬಡಗಿ, ಶಿಲ್ಪಿಗಳೂ ಸೇರಿ 18 ಕಸುಬುಗಳಿವೆ. ಉಪಕರಣಕ್ಕೆ 15,000 ರೂ., ಮೊದಲು 1 ಲಕ್ಷದ ತನಕ ಶೇ 5ರ ಬಡ್ಡಿಯ ಸಾಲ. ಅರ್ಜಿ ಹಾಕುವಾಗ ಜೊತೆಗೊಬ್ಬರು ಹೋದರೆ ಅದೇ ದೊಡ್ಡ ಉಪಕಾರ.

ಈಗ ಹುಡುಗನ ಬೋರ್ಡಿನಲ್ಲಿ ‘ಕರೆ ಬೇಡ, ವಾಟ್ಸಾಪ್ ಮಾಡಿ’ ಎಂದು ದೊಡ್ಡದಾಗಿ ಬರೆದಿದೆ. ಅಳತೆ, ಮರ, ದರ, ಮುಂಗಡ ಎಲ್ಲವೂ ಬರಹದಲ್ಲೇ. ಮಾರಿಕಾಂಬಾ ಜಾತ್ರೆಯಲ್ಲಿ ಕ್ಯಾಲ್ಕುಲೇಟರ್ ತೋರಿಸಿ ತಾನೇ ವ್ಯಾಪಾರ ಮಾಡಿದ. ಅಣ್ಣನಿಗೆ ಸ್ವಲ್ಪ ಸಿಟ್ಟು ಬಂದಿದೆ, ಇರಲಿ.