ದೊಡ್ಡ ಗಾಡಿಯದೇ ತಪ್ಪು

ಮಂಡ್ಯದ ರಸ್ತೆಯಲ್ಲಿ ಎರಡು ಗಾಡಿ ಗುದ್ದಿಕೊಂಡರೆ ತಪ್ಪು ಯಾರದೆಂದು ತೀರ್ಮಾನಿಸಲು ಕೋರ್ಟು, ಕಚೇರಿ ಬೇಕಿಲ್ಲ. ದೊಡ್ಡ ಗಾಡಿಯದೇ ತಪ್ಪು. ಸೈಕಲ್ಲಿಗೂ ಬೈಕಿಗೂ ತಗುಲಿದರೆ ಬೈಕಿನವನದು, ಬೈಕಿಗೂ ಕಾರಿಗೂ ತಗುಲಿದರೆ ಕಾರಿನವನದು, ನಡುವೆ ಕಬ್ಬಿನ ಟ್ರ್ಯಾಕ್ಟರ್ ಬಂದರೆ ಟ್ರ್ಯಾಕ್ಟರಿನವನದು. ಸೈಕಲ್ಲಿನವನು ರಾಂಗ್ ಸೈಡಿನಲ್ಲಿ, ಎರಡೂ ಕೈ ಬಿಟ್ಟು, ಫೋನಿನಲ್ಲಿ ಮಾತಾಡುತ್ತ ಬಂದಿದ್ದರೂ ಸರಿಯೇ. ಸಂಜಯ ವೃತ್ತದಲ್ಲಿ ನಿಂತು ನೋಡಿ, ‘ಏನ್ಲಾ, ಕಣ್ ಕಾಣಾಕಿಲ್ವಾ?’ ಎಂದು ಗುಂಪು ಸೇರುವ ಹೊತ್ತಿಗೇ ತೀರ್ಪು ಸಿದ್ಧ. ಕಣ್ಣಾರೆ ಕಂಡವರು ಯಾರೂ ಇಲ್ಲ, ಸಾಕ್ಷಿ ಹೇಳುವವರು ಎಲ್ಲರೂ.

ಇಷ್ಟು ಚೊಕ್ಕಟ ನ್ಯಾಯಶಾಸ್ತ್ರ ಇಟ್ಟುಕೊಂಡಿದ್ದ ನಮ್ಮ ಟೀ ಅಂಗಡಿಯನ್ನು ಫಾರ್ಮುಲಾ ಒನ್ ಎಂಬ ಕಾರ್ ರೇಸು ಬಂದು ಕೆಡಿಸಿತು. ಅಲ್ಲಿ ದೊಡ್ಡ ಗಾಡಿ, ಸಣ್ಣ ಗಾಡಿ ಎಂಬುದೇ ಇಲ್ಲ. 2021ರ ನಿಯಮದಂತೆ ಕಾರಿನ ಕನಿಷ್ಠ ತೂಕ 752 ಕೆ.ಜಿ., ಚಾಲಕ ಹ್ಯಾಮಿಲ್ಟನ್‌ಗೂ ಅಷ್ಟೇ, ಅವನ ಎದುರಾಳಿ ವರ್ಸ್ಟಾಪೆನ್‌ಗೂ ಅಷ್ಟೇ. ಪೀಠ ಗಲಿಬಿಲಿಗೊಂಡಿತು. ಕೊನೆಗೆ ಬಣ್ಣ ನೋಡಿ ತೀರ್ಪು ಕೊಡುವುದೆಂದಾಯಿತು. ಹ್ಯಾಮಿಲ್ಟನ್ ಓಡಿಸುತ್ತಿದ್ದ ಮರ್ಸಿಡಿಸ್ ಕಪ್ಪು, ವರ್ಸ್ಟಾಪೆನ್ ಓಡಿಸುತ್ತಿದ್ದ ರೆಡ್ ಬುಲ್ ನೀಲಿ. ಎರಡು ಪಕ್ಷ, ಎರಡು ಬೆಂಚು.

ಮೊದಲ ಕೇಸು ಇಂಗ್ಲೆಂಡಿನ ರೇಸ್ ಟ್ರ್ಯಾಕ್ ಸಿಲ್ವರ್‌ಸ್ಟೋನ್, 2021ರ ಜುಲೈ 18. ಮೊದಲ ಲ್ಯಾಪಿನಲ್ಲೇ ಕಾಪ್ಸ್ ತಿರುವಿನಲ್ಲಿ ಹ್ಯಾಮಿಲ್ಟನ್‌ನ ಮುಂದಿನ ಚಕ್ರ ವರ್ಸ್ಟಾಪೆನ್‌ನ ಹಿಂದಿನ ಚಕ್ರಕ್ಕೆ ತಗುಲಿತು. ವರ್ಸ್ಟಾಪೆನ್ 51 ಜಿ (ಗುರುತ್ವದ 51 ಪಟ್ಟು) ರಭಸದಲ್ಲಿ ತಡೆಗೋಡೆಗೆ ಬಡಿದು ಆಸ್ಪತ್ರೆಗೆ ಹೋದ. ಹ್ಯಾಮಿಲ್ಟನ್‌ನದೇ ಹೆಚ್ಚಿನ ತಪ್ಪು ಎಂದ ಸ್ಟೀವರ್ಡ್‌ಗಳು, ಅಂದರೆ ರೇಸಿನ ತೀರ್ಪುಗಾರರು, 10 ಸೆಕೆಂಡ್ ದಂಡ ಹಾಕಿದರು. ಆತ ಟೈರು ಬದಲಿಸುವ ಪಿಟ್‌ನಲ್ಲಿ ನಿಂತು ಹತ್ತು ಸೆಕೆಂಡು ತೀರಿಸಿ, ರೇಸನ್ನೂ ಗೆದ್ದು, ಟ್ರೋಫಿ ಎತ್ತಿದ. ಹತ್ತು ಸೆಕೆಂಡಿನಲ್ಲಿ ನಮ್ಮೂರಲ್ಲಿ ಗಾಡಿಗೆ ಸ್ಟ್ಯಾಂಡ್ ಕೂಡ ಹಾಕಿರುವುದಿಲ್ಲ.

ಸ್ಟೀವರ್ಡ್‌ಗಳ ಪದ್ಧತಿ ಏನೆಂದರೆ, ಮಾಡಿದ್ದೇನು ಎಂದು ನೋಡಬೇಕು, ಆದದ್ದೇನು ಎಂದಲ್ಲ. ನನಗೇನೋ ಇದು ಸರಿಯೆಂದೇ ತೋರುತ್ತದೆ. ನೀಲಿ ಬೆಂಚಿಗೆ ಇದನ್ನು ಹೇಳಹೋಗಿ ಅರ್ಧ ಟೀ ಬಿಟ್ಟು ಎದ್ದು ಬರಬೇಕಾಯಿತು. ‘ಆಸ್ಪತ್ರೆ ಸೇರ್ದೋನ್ದು ತಪ್ಪಾಗಾಕೆ ಹೆಂಗ್ ಸಾಧ್ಯ?’

ರೆಡ್ ಬುಲ್‌ನವರೂ ಸುಮ್ಮನಿರಲಿಲ್ಲ. ಆಲ್ಬನ್ ಎಂಬ ತಮ್ಮ ಮೀಸಲು ಚಾಲಕನನ್ನು ಹಳೆಯ ಕಾರಿನಲ್ಲಿ ಕೂರಿಸಿ, ಅದೇ ಟ್ರ್ಯಾಕಿನಲ್ಲಿ ಹ್ಯಾಮಿಲ್ಟನ್ ಹಿಡಿದಿದ್ದ ದಾರಿಯಲ್ಲೇ ಓಡಿಸಿ, ಮರುಪರಿಶೀಲನೆಗೆ ಅರ್ಜಿ ಹಾಕಿದರು. ಅಚ್ಚುಕಟ್ಟಾದ ಸ್ಥಳ ಮಹಜರು! ಇದು ಸಿಕ್ಕಿದ ಸಾಕ್ಷಿಯಲ್ಲ, ಅರ್ಜಿಗಾಗಿಯೇ ಸೃಷ್ಟಿಸಿದ್ದು ಎಂದು ಸ್ಟೀವರ್ಡ್‌ಗಳು ತಳ್ಳಿಹಾಕಿದರು. ಪಂಚನಾಮೆಗಳಿಗೆ ರುಜು ಹಾಕಿ ಹಾಕಿ ಕೈ ಪಳಗಿದ ನಮ್ಮ ಹಿರಿಯರೊಬ್ಬರು ಇದನ್ನು ಕೇಳಿ ನಿಜಕ್ಕೂ ನೊಂದುಕೊಂಡರು. ‘ಸಾಕ್ಷಿ ಅಂದ್ಮೇಲೆ ಸೃಷ್ಟಿ ಮಾಡ್ದೆ ಇನ್ನೆಲ್ಲಿಂದ ತರಾದು?’

ಸೆಪ್ಟೆಂಬರಿನಲ್ಲಿ ಇಟಲಿಯ ಮೊಂಜಾ ಟ್ರ್ಯಾಕು. ಈ ಸಲ ವರ್ಸ್ಟಾಪೆನ್‌ನ ಕಾರು ಹ್ಯಾಮಿಲ್ಟನ್‌ನ ಮೇಲೇ ಹತ್ತಿ ಕೂತಿತು. ಹ್ಯಾಲೊ ಎಂಬ ಟೈಟೇನಿಯಂ ಕಮಾನು ಇಲ್ಲದಿದ್ದರೆ ತಲೆ ಉಳಿಯುತ್ತಿರಲಿಲ್ಲ. ಹೆಚ್ಚಿನ ತಪ್ಪು ಈಗ ವರ್ಸ್ಟಾಪೆನ್‌ನದು; ಮುಂದಿನ ರೇಸಿನಲ್ಲಿ ಹೊರಡುವ ಸಾಲಿನಲ್ಲಿ ಮೂರು ಸ್ಥಾನ ಹಿಂದೆ ನಿಲ್ಲತಕ್ಕದ್ದು. ಮುಂದಿನ ರೇಸು ರಷ್ಯಾದ ಸೋಚಿಯಲ್ಲಿ. ಅಲ್ಲಿ ಅವನ ತಂಡ ಎಂಜಿನ್ ಬದಲಿಸಿತು, ಅದರ ದಂಡವಾಗಿ ಅವನು ಹೇಗೂ ಕಟ್ಟಕಡೆಯಲ್ಲಿ ನಿಲ್ಲಬೇಕಾಯಿತು. ಕಟ್ಟಕಡೆಯವನನ್ನು ಇನ್ನೂ ಮೂರು ಸ್ಥಾನ ಹಿಂದೆ ತಳ್ಳುವುದೆಲ್ಲಿಗೆ, ಟಿಕೆಟ್ ಕೌಂಟರಿಗೆ? ಅಲ್ಲಿಂದಲೇ ಹೊರಟು ಎರಡನೆಯವನಾಗಿ ಬಂದ.

ನಿಜವಾದ ಪವಾಡ ನಡೆದದ್ದು ನಮ್ಮ ಬೆಂಚುಗಳ ಮೇಲೆ. ಜುಲೈನಲ್ಲಿ ‘ಒಳಗೆ ಜಾಗ ಇತ್ತು, ಬಿಡ್ಬೇಕಿತ್ತು’ ಎಂದು ಟೇಬಲ್ ಗುದ್ದಿದ್ದ ಕಪ್ಪು ಪಕ್ಷ, ‘ಜಾಗ ಎಲ್ಲಿತ್ತು, ನುಗ್ದ ಅಷ್ಟೇ’ ಎನ್ನತೊಡಗಿತು. ನೀಲಿ ಪಕ್ಷ ಅವರ ಜುಲೈ ಭಾಷಣವನ್ನು ಎತ್ತಿಕೊಂಡು ಒಂದಕ್ಷರ ತಿದ್ದದೆ ಒಪ್ಪಿಸಿತು. ಗಂಟಲು ಹರಿದುಕೊಳ್ಳುವುದರಲ್ಲೂ ವ್ಯತ್ಯಾಸವಿಲ್ಲ. ವಿಧಾನಸಭೆಯಲ್ಲಿ ಆಡಳಿತ ಪಕ್ಷ ಬದಲಾದಾಗ ಮಾತ್ರ ನಾನು ಇಷ್ಟು ನಾಜೂಕಾದ ಅದಲುಬದಲು ಕಂಡಿದ್ದೇನೆ.

ಗೊಂದಲ ಬೇಡವೆಂದು ಈ ರೇಸುಗಳನ್ನು ಆಳುವ ಎಫ್‌ಐಎ ಸಂಸ್ಥೆ 2025ರಲ್ಲಿ ತನ್ನ ಮಾರ್ಗಸೂಚಿಯನ್ನೇ ಬಯಲಿಗಿಟ್ಟಿತು. ಒಳಬದಿಯಿಂದ ನುಗ್ಗುವವನ ಮುಂದಿನ ಆಕ್ಸಲ್ (ಚಕ್ರಗಳ ಅಚ್ಚು), ತಿರುವಿನ ನಡುಬಿಂದುವಿನಲ್ಲಿ ಎದುರಾಳಿಯ ಕನ್ನಡಿಯ ಸಮಕ್ಕಾದರೂ ಇರಬೇಕಂತೆ. ಉತ್ಸಾಹದಿಂದ ನಮ್ಮ ಖಾಸಗಿ ಬಸ್ಸುಗಳಿಗೂ ಇದನ್ನು ಅನ್ವಯಿಸಿ ನೋಡಿದೆವು. ಒಂದಕ್ಕೆ ಕನ್ನಡಿಯೇ ಇರಲಿಲ್ಲ. ಇನ್ನೊಂದರದನ್ನು ಕ್ಲೀನರ್ ಹುಡುಗ ತಲೆ ಬಾಚಿಕೊಳ್ಳಲು ತನ್ನ ಕಡೆ ತಿರುಗಿಸಿಟ್ಟಿದ್ದ.

ಆಕ್ಸಲ್ಲು, ಕನ್ನಡಿ, ಟೆಲಿಮೆಟ್ರಿ ಎಂಬ ಕಾರಿನ ಓಟದ ಲೆಕ್ಕ ಎಲ್ಲ ಬಿಟ್ಟು ಗುದ್ದಿದವನೇ ಬಾಯಿಬಿಟ್ಟು ಒಪ್ಪಿಕೊಂಡರೆ? ಅದೂ ಆಗಿದೆ. 1990ರಲ್ಲಿ ಜಪಾನಿನ ಸುಜುಕಾ ಟ್ರ್ಯಾಕಿನ ಮೊದಲ ತಿರುವಿನಲ್ಲೇ ಸೆನ್ನಾ ಎಂಬ ಚಾಲಕ ತನ್ನ ಎದುರಾಳಿ ಪ್ರೋಸ್ಟ್‌ಗೆ ಗುದ್ದಿದ. ಇಬ್ಬರೂ ಹೊರಕ್ಕೆ, ಸೆನ್ನಾಗೆ ಚಾಂಪಿಯನ್ ಪಟ್ಟ, ದಂಡ ಸೊನ್ನೆ. ಮರುವರ್ಷ ಅವನೇ ಪತ್ರಕರ್ತರ ಮುಂದೆ, ಬೇಕೆಂದೇ ಮಾಡಿದ್ದೆ ಎಂದ. ಇದನ್ನು ನಮ್ಮ ಅಂಗಡಿಯ ಸೆನ್ನಾ ಭಕ್ತನಿಗೆ ಹೇಳಿದೆ. ಬನ್ನನ್ನು ಟೀಗೆ ಅದ್ದುತ್ತಾ ನಿಧಾನವಾಗಿ ಯೋಚಿಸಿದ.

‘ಅಂವ ಏನೋ ಬೇಜಾರ್ನಾಗೆ ಅಂದಿರ್ತಾನೆ ಬುಡಿ ಸಾ. ತಪ್ಪು ಪ್ರೋಸ್ಟ್‌ದೇಯ.’