ಉಪ್ಪಿನಕಾಯಿ ಕಳಿಸಿದರು, ಬಾಗಿಲು ತೆಗೆಯಲಿಲ್ಲ

ಅಮ್ಮ ಆರು ತಿಂಗಳಿಗೆಂದು ಸಿಡ್ನಿಗೆ ಬಂದಿದ್ದಾಗ ನಾವಿಬ್ಬರೂ ಕೂತು ಒಂದು ಆಸ್ಟ್ರೇಲಿಯನ್ ಸೀರಿಯಲ್ ಪೂರ್ತಿ ನೋಡಿದೆವು. 'ಎ ಪ್ಲೇಸ್ ಟು ಕಾಲ್ ಹೋಮ್'. ಆರು ಸೀಸನ್, 67 ಕಂತು. ರಾತ್ರಿ ಊಟ ಮುಗಿಸಿ, ಪಾತ್ರೆ ತೊಳೆದಿಟ್ಟು, ದಿನಕ್ಕೊಂದು. ಅಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಇಲ್ಲಿಯವರ ಮಾತಂತೂ ಸುತರಾಂ ಹತ್ತುವುದಿಲ್ಲ. ಎರಡು ನಿಮಿಷಕ್ಕೊಮ್ಮೆ ನಿಲ್ಲಿಸಿ ನಾನು ಕನ್ನಡದಲ್ಲಿ ಹೇಳಬೇಕು. ಮುಕ್ಕಾಲು ಗಂಟೆಯ ಕಂತು ಮುಗಿಯುವಷ್ಟರಲ್ಲಿ ಒಂದೂವರೆ ಗಂಟೆ ಆಗಿರುತ್ತಿತ್ತು.

ಮೂರನೇ ದಿನವೋ ನಾಲ್ಕನೇ ದಿನವೋ ಅಮ್ಮ ಟಿವಿಯಲ್ಲಿದ್ದ ಎಲಿಜಬೆತ್ ಅನ್ನುವ ಹೆಂಗಸನ್ನೇ ನೋಡುತ್ತಾ ಕೂತಿದ್ದಳು. ಆಮೇಲೆ ಮೆಲ್ಲಗೆ, "ಇವಳು ಥೇಟ್ ನಮ್ಮಕ್ಕ ಕಣೇ" ಅಂದಳು.

ಆ ಮಾತು ಇವತ್ತಿಗೂ ತಲೆಯಿಂದ ಹೋಗಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನೋಡದವರಿಗೆ ಕಥೆ ಸ್ವಲ್ಪ ಹೇಳಿಬಿಡುತ್ತೇನೆ. 1953ನೇ ಇಸವಿ. ಸಾರಾ ಆಡಮ್ಸ್ ಅನ್ನುವ ನರ್ಸ್ ಎಷ್ಟೋ ವರ್ಷ ಯೂರೋಪಿನಲ್ಲಿದ್ದು ಹಡಗಿನಲ್ಲಿ ಆಸ್ಟ್ರೇಲಿಯಾಕ್ಕೆ ವಾಪಸ್ ಬರುತ್ತಿದ್ದಾಳೆ. ಯೆಹೂದಿಯೊಬ್ಬನನ್ನು ಮದುವೆಯಾಗಿ ತಾನೂ ಯೆಹೂದಿ ಆದವಳು. ನಾಜಿಗಳ ರಾವೆನ್ಸ್‌ಬ್ರೂಕ್ ಕ್ಯಾಂಪಿನಿಂದ ಜೀವ ಉಳಿಸಿಕೊಂಡು ಬಂದವಳು. ಅದೇ ಹಡಗಿನಲ್ಲಿ ಬ್ಲೈ ಅನ್ನುವ ದೊಡ್ಡ ಜಮೀನ್ದಾರರ ಕುಟುಂಬ ಇದೆ. ಆ ಮನೆಯ ಹುಡುಗ ಜೇಮ್ಸ್, ಹೊಸದಾಗಿ ಮದುವೆಯಾದವನು, ಸಮುದ್ರಕ್ಕೆ ಹಾರಲು ಹೋಗುತ್ತಾನೆ. ಸಾರಾ ತಡೆಯುತ್ತಾಳೆ. ಅವನಿಗೆ ಗಂಡಸರ ಮೇಲೆ ಒಲವು, ಅದನ್ನು ಯಾರಿಗೂ ಹೇಳಲಾರ. ಅಜ್ಜಿ ಎಲಿಜಬೆತ್‌ಗೆ ಮೊಮ್ಮಗ ಉಳಿದ ಸಮಾಧಾನ ಒಂದು ಕಡೆ. ಮನೆಯ ಗುಟ್ಟು ಹೊರಗಿನವಳೊಬ್ಬಳಿಗೆ ಗೊತ್ತಾಯಿತಲ್ಲ ಅನ್ನುವ ಭಯ ಇನ್ನೊಂದು ಕಡೆ. ಆ ಭಯವೇ ಗೆಲ್ಲುತ್ತದೆ. ಸಾರಾ ಅದೇ ಊರಿನ ಆಸ್ಪತ್ರೆಗೆ ಕೆಲಸಕ್ಕೆ ಬಂದಾಗ ಅವಳನ್ನು ಹೇಗಾದರೂ ಓಡಿಸಬೇಕು ಅಂತ ಎಲಿಜಬೆತ್ ಹಟ ಹಿಡಿಯುತ್ತಾಳೆ.

ಊರಿನ ಹೆಸರು ಇನ್ವರ್ನೆಸ್. ಕಥೆಗಾಗಿ ಕಟ್ಟಿದ ಊರು. ಚಿತ್ರೀಕರಣ ನಡೆದದ್ದು ಸಿಡ್ನಿಯ ನೈಋತ್ಯಕ್ಕಿರುವ ಕ್ಯಾಮ್ಡನ್‌ನಲ್ಲಿ. ಬ್ಲೈಗಳ 'ಆಶ್ ಪಾರ್ಕ್' ಬಂಗಲೆ ಅಂತ ತೋರಿಸುವುದು ಬೌರಲ್ ಊರಿನ ರೆಟ್‌ಫರ್ಡ್ ಪಾರ್ಕ್ ಅನ್ನುವ ಹಳೇ ಮನೆ.

ಹಳೇ ಕಾಲದ ಕಥೆಯ ಸೀರಿಯಲ್‌ಗಳು ನನಗೆ ತುಂಬಾ ಇಷ್ಟ. ಆದರೆ ಅವುಗಳ ಮೇಲೆ ಒಂದು ಸಿಟ್ಟೂ ಇದೆ. ಚೆಂದದ ಟೋಪಿ, ಚೆಂದದ ಕಾರು, ಬಿಳಿ ಕೈಗವಸು ನೋಡುತ್ತಾ ನೋಡುತ್ತಾ "ಆ ಕಾಲ ಹಾಗಿತ್ತು ಬಿಡಿ" ಅಂದುಕೊಂಡು ನಾವು ಹಾಯಾಗಿ ಮಲಗಬಹುದು. ಅದಕ್ಕೇ ಇಂಥ ಸೀರಿಯಲ್ ಒಳ್ಳೆಯದೋ ಅಲ್ಲವೋ ಅಂತ ನೋಡಲು ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ಕೇಡು ಯಾರ ಕೈಯಿಂದ ಆಗುತ್ತಿದೆ? ಕೆಟ್ಟವರಿಂದಲೋ, ಒಳ್ಳೆಯವರಿಂದಲೋ?

ಎಲಿಜಬೆತ್ ಕೆಟ್ಟವಳಲ್ಲ. ಅಲ್ಲೇ ಇರುವುದು ವಿಷಯ. ಮೊಮ್ಮಗನ ಮೇಲೆ ಪ್ರಾಣ ಇಟ್ಟವಳು. ಊರಿಗೆ ಕಷ್ಟ ಬಂದರೆ ಮುಂದೆ ನಿಲ್ಲುವವಳು. ಅವಳು ಮಾಡುವ ಒಂದೊಂದು ಅನ್ಯಾಯಕ್ಕೂ ಅವಳ ಹತ್ತಿರ ಪ್ರೀತಿಯ ಕಾರಣ ಇದೆ. ಆ ಪಾತ್ರ ಮಾಡಿದ ನೋನಿ ಹೇಜಲ್‌ಹರ್ಸ್ಟ್ ಇಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಮಕ್ಕಳ ಟಿವಿ ಕಾರ್ಯಕ್ರಮ ನಡೆಸಿಕೊಟ್ಟವರು. ನನ್ನ ಆಫೀಸಿನಲ್ಲಿ ನನ್ನ ವಯಸ್ಸಿನವರೆಲ್ಲ ಅವರ ಕಥೆ ಕೇಳಿಕೊಂಡೇ ಬೆಳೆದವರು. ಅದೇ ಮುಖ ಊಟದ ಮೇಜಿನ ತುದಿಯಲ್ಲಿ ಕೂತು, ದನಿ ಸ್ವಲ್ಪವೂ ಏರಿಸದೆ, ಒಬ್ಬಳು ಹೆಂಗಸನ್ನು ಊರು ಬಿಡಿಸಲು ನೋಡುತ್ತದೆ. ಇಲ್ಲಿಯವರಿಗೆ ಅದು ಎಷ್ಟು ಚುಚ್ಚಿರಬೇಕು ಅಂತ ಯೋಚಿಸುತ್ತಿರುತ್ತೇನೆ.

ಸಾರಾಳ ಸ್ವಂತ ತಾಯಿಯನ್ನೇ ನೋಡಿ. ಕಟ್ಟಾ ಕ್ಯಾಥೊಲಿಕ್. ಮತ ಬಿಟ್ಟವಳು ಅಂತ ಮಗಳನ್ನೇ ದೂರ ಇಟ್ಟವಳು. ಕ್ಯಾಂಪಿನಿಂದ ಬದುಕಿ ಬಂದ ಮಗಳಿಗೆ ಹೆತ್ತವಳ ಮನೆಯಲ್ಲೇ ಜಾಗ ಇಲ್ಲ. ಅಲ್ಲಿ ನಿಲ್ಲಿಸಿ ಅಮ್ಮನಿಗೆ ಹೇಳುವಾಗ ನನಗೆ ಗಂಟಲು ಕಟ್ಟಿತು.

ಬ್ಲೈ ಮನೆಯ ಹುಡುಗಿ ಆನಾ, ಪಕ್ಕದ ಇಟಾಲಿಯನ್ ರೈತರ ಮಗ ಜೀನೋನನ್ನು ಪ್ರೀತಿಸುತ್ತಾಳೆ. ಬ್ಲೈಗಳಿಗೆ ಅವರು ವಲಸೆ ಬಂದ ಕೂಲಿ ಜನ. ಜೀನೋ ಮನೆಯವರಿಗೆ ಇವಳು ಕ್ಯಾಥೊಲಿಕ್ ಅಲ್ಲದ ಹುಡುಗಿ. ಎರಡೂ ಕಡೆ ಅಷ್ಟಷ್ಟೇ ಮುಖ ಸಿಂಡರಿಸುತ್ತಾರೆ. "ಹುಡುಗನ ಮನೆಯವರೂ ಒಪ್ತಿಲ್ವಾ?" ಅಂತ ಅಮ್ಮ ಕೇಳಿದಳು. ಇಲ್ಲ ಅಂದೆ. "ಹಂಗೇ ಇರುತ್ತೆ" ಅಂದಳು.

ಡೋರಿಸ್ ಅಂತ ಒಬ್ಬಳಿದ್ದಾಳೆ. ಊರಿನ ಸುದ್ದಿಯೆಲ್ಲ ಅವಳ ಬಾಯಲ್ಲಿ. ನಮ್ಮಲ್ಲಿ ಪ್ರತಿ ಬೀದಿಗೂ ಒಬ್ಬರು ಇರುತ್ತಾರಲ್ಲ, ಹಾಗೆ. ಅವಳನ್ನು ಬರೀ ಚಾಡಿಕೋರಳಾಗಿ ಬಿಟ್ಟಿಲ್ಲ ಅನ್ನುವುದು ನನಗೆ ಹಿಡಿಸಿತು. ಒಳಗೆ ಒಳ್ಳೆಯ ಮನಸ್ಸಿದೆ, ಕಷ್ಟಕ್ಕೆ ಓಡಿ ಬರುತ್ತಾಳೆ. ಆದರೂ ಅವಳ ಬಾಯಿಂದ ಹೊರಟ ಮಾತು ಊರು ಸುತ್ತಿ ಬರುವಷ್ಟರಲ್ಲಿ ಯಾರದೋ ಬದುಕು ಅಲ್ಲಾಡಿರುತ್ತದೆ.

ಇದೆಲ್ಲ ಬರೀ ಕಥೆ ಅಲ್ಲ. 1938ರಲ್ಲಿ ಫ್ರಾನ್ಸಿನ ಎವಿಯಾನ್‌ನಲ್ಲಿ ಯೆಹೂದಿ ನಿರಾಶ್ರಿತರ ಬಗ್ಗೆ ದೇಶಗಳೆಲ್ಲ ಸೇರಿದ್ದವು. ಆಸ್ಟ್ರೇಲಿಯಾದ ಮಂತ್ರಿ ಥಾಮಸ್ ವೈಟ್ ಅಲ್ಲಿ ಹೇಳಿದ್ದರ ಸಾರ ಇಷ್ಟು: ನಮ್ಮಲ್ಲಿ ಜನಾಂಗದ ಸಮಸ್ಯೆ ಇಲ್ಲ, ಅದನ್ನು ಹೊರಗಿಂದ ತಂದುಕೊಳ್ಳುವ ಇಷ್ಟವೂ ಇಲ್ಲ. ಆಯ್ತು, ನಾನು ಕಂದು ಬಣ್ಣದವಳು, ನನ್ನ ವಿಷಯ ಏನು? 1901ರ ಇಲ್ಲಿಯ ವಲಸೆ ಕಾನೂನಿನ ಪ್ರಕಾರ ಬಂದರಿನಲ್ಲೇ ನಿಲ್ಲಿಸಿ 50 ಪದಗಳ ಉಕ್ತಲೇಖನ ಬರೆಸಬಹುದಿತ್ತು. ಯೂರೋಪಿನ ಯಾವ ಭಾಷೆಯಲ್ಲಿ ಅನ್ನುವುದು ಅಧಿಕಾರಿಯ ಇಷ್ಟ. ಬೇಡದವರನ್ನು ಫೇಲ್ ಮಾಡಲಿಕ್ಕೆಂದೇ ಇದ್ದ ಪರೀಕ್ಷೆ ಅದು. 1909ರ ನಂತರ ಒಬ್ಬರೂ ಪಾಸಾಗಲಿಲ್ಲ. ರದ್ದಾದದ್ದು 1958ರಲ್ಲಿ. ಬಣ್ಣ ನೋಡಿ ಒಳಗೆ ಬಿಡುವ ನೀತಿ ಪೂರ್ತಿ ಹೋಗಲು 1973 ಆಗಬೇಕಾಯಿತು. ಸಾರಾ ಬಂದಿಳಿದ ಆ ವರ್ಷ ನಾನೂ ಬಂದಿದ್ದರೆ ನನ್ನ ಕಥೆ ಬಂದರಿನಲ್ಲೇ ಮುಗಿಯುತ್ತಿತ್ತು.

ಜೇಮ್ಸ್ ವಿಷಯಕ್ಕೆ ಬರುತ್ತೇನೆ. ಮನೆಯವರ ಒತ್ತಡ, ಅವನದೇ ಭಯ, ಎರಡೂ ಸೇರಿ ಅವನು ಆಸ್ಪತ್ರೆ ಸೇರುತ್ತಾನೆ. 'ವಾಸಿ' ಆಗಲಿಕ್ಕೆ. ಅಲ್ಲಿ ಕರೆಂಟ್ ಶಾಕ್ ಕೊಡುತ್ತಾರೆ. ಆ ಕಂತುಗಳನ್ನು ನಾನು ಒಂದೇ ಸಲಕ್ಕೆ ನೋಡಲಾರದೆ ಹೋದೆ. ಅಷ್ಟು ಲಕ್ಷಣವಾದ ಹುಡುಗ ಕಣ್ಣಲ್ಲಿ ಏನೂ ಇಲ್ಲದ ಹಾಗೆ ಕೂತಿರುತ್ತಾನೆ. ಅಲ್ಲಿಗೆ ಕಳಿಸಿದವರು ಯಾರೂ ಅವನ ಶತ್ರುಗಳಲ್ಲ. ಈ ರಾಜ್ಯದಲ್ಲಿ, ಅಂದರೆ ನ್ಯೂ ಸೌತ್ ವೇಲ್ಸ್‌ನಲ್ಲಿ, ಅವನಂಥವರನ್ನು ಅಪರಾಧಿ ಮಾಡುವ ಕಾನೂನು ಹೋಗಿದ್ದು 1984ರಲ್ಲಿ. ನಮ್ಮ ದೇಶಕ್ಕೂ ಬ್ರಿಟಿಷರೇ ಕೊಟ್ಟ ಸೆಕ್ಷನ್ 377 ಇತ್ತು. ಒಪ್ಪಿ ಕೂಡಿದ ವಯಸ್ಕರ ಮಟ್ಟಿಗೆ ಅದನ್ನು ಸುಪ್ರೀಂ ಕೋರ್ಟ್ ತೆಗೆದುಹಾಕಿದ್ದು 2018ರ ಸೆಪ್ಟೆಂಬರ್ 6ರಂದು. ಮೊನ್ನೆ ಮೊನ್ನೆ. "ಆ ಕಾಲ" ಅಂತ ಯಾವ ಬಾಯಲ್ಲಿ ಹೇಳೋಣ?

ಜೇಮ್ಸ್‌ನ ವಿಷಯವನ್ನೆಲ್ಲ ಅಮ್ಮನಿಗೆ ಹೇಗೆ ಹೇಳುವುದು ಅಂತ ನನಗೆ ಅಳುಕಿತ್ತು. ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು "ಅವನ ಹೆಂಡತಿ ಪಾಪ. ಅವನೂ ಪಾಪ" ಅಂದಳು. ಆಮೇಲೆ ದೊಡ್ಡಮ್ಮನ ಮಾತು ತೆಗೆದಳು.

ದೊಡ್ಡಮ್ಮ ಇದ್ದದ್ದು ತೀರ್ಥಹಳ್ಳಿ ಕಡೆ. ಮನೆಗೆ ಬಂದವರು ಯಾರೂ ಉಣ್ಣದೆ ಹೋದದ್ದಿಲ್ಲ. ನನಗೆ ಜ್ವರ ಬಂದರೆ ರಾತ್ರಿಯಿಡೀ ಪಕ್ಕದಲ್ಲಿ ಕೂತಿರುತ್ತಿದ್ದರು. ಅವರ ಮಗಳು, ನನ್ನ ಅಕ್ಕ, 1991ರಲ್ಲಿ ಬೇರೆ ಜಾತಿಯ ಹುಡುಗನನ್ನು ಮದುವೆಯಾಗಿ ಶಿವಮೊಗ್ಗದಲ್ಲಿ ಸಂಸಾರ ಹೂಡಿದಳು. ದೊಡ್ಡಮ್ಮ ಕೂಗಾಡಲಿಲ್ಲ. ಶಾಪ ಹಾಕಲಿಲ್ಲ. ಅಳಿಯ ಮನೆ ಮೆಟ್ಟಿಲು ಹತ್ತಕೂಡದು ಅಂತ ಅಷ್ಟೇ ಹೇಳಿದರು. ಅವನಿಲ್ಲದೆ ತಾನೊಬ್ಬಳೇ ಬರುವುದಿಲ್ಲ ಅಂತ ಅಕ್ಕ ಅಂದಳು. ಅಲ್ಲಿಗೆ ನಿಂತಿತು.

ಪ್ರತಿ ವರ್ಷ ಅಪ್ಪೆಮಿಡಿ ಕಾಲ ಬಂದರೆ ದೊಡ್ಡಮ್ಮ ಹಾರ್ಲಿಕ್ಸ್ ಬಾಟಲಿಯಲ್ಲಿ ಮಿಡಿ ಉಪ್ಪಿನಕಾಯಿ ತುಂಬಿ, ಬಾಯಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಮುಚ್ಚಳ ಬಿಗಿದು, ಹಳೇ ಪಂಚೆಯ ತುಂಡಿನಲ್ಲಿ ಸುತ್ತಿ ಅಮ್ಮನ ಕೈಗೆ ಕೊಡುತ್ತಿದ್ದರು. "ಅವಳಿಗೆ ಕೊಡು. ನಾನು ಕೊಟ್ಟೆ ಅಂತ ಹೇಳಬೇಡ." ಅಮ್ಮ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಒಯ್ಯುತ್ತಿದ್ದಳು. ಮುಂದಿನ ಸಲ ಬಾಟಲಿ ವಾಪಸ್ ಬರುತ್ತಿತ್ತು. ದೊಡ್ಡಮ್ಮ ಮುಚ್ಚಳ ತೆಗೆದು ಒಳಗೊಮ್ಮೆ ನೋಡಿ, ಮತ್ತೆ ಮುಚ್ಚಿ, ನಾಗಂದಿಗೆ ಮೇಲೆ ಇಡುತ್ತಿದ್ದರು. ನಾನು ಚಿಕ್ಕವಳಿದ್ದಾಗ ಇದನ್ನು ಕಣ್ಣಾರೆ ನೋಡಿದ್ದೇನೆ. ತೊಳೆದು ಬಂದ ಬಾಟಲಿಯೊಳಗೆ ಏನು ನೋಡುತ್ತಾರೆ ಅಂತ ಅರ್ಥವಾಗುತ್ತಿರಲಿಲ್ಲ. 2009ರಲ್ಲಿ ದೊಡ್ಡಮ್ಮ ಹೋದರು. ಅವರು ಬದುಕಿರುವ ತನಕ ಭಾವ ಆ ಮನೆಯೊಳಗೆ ಕಾಲಿಡಲೇ ಇಲ್ಲ.

ಈಗ ಹೇಳಿ, ದೊಡ್ಡಮ್ಮ ವಿಲನ್ನಾ?

ಅದಕ್ಕೇ ರೆಜಿನಾ ಬಂದ ಮೇಲೆ ನನಗೆ ಈ ಸೀರಿಯಲ್ ಮೇಲೆ ಬೇಸರ ಬಂತು. ರೆಜಿನಾ ಅಂದರೆ ಎಲಿಜಬೆತ್ ಮಗ ಜಾರ್ಜ್‌ನ ತೀರಿಹೋದ ಹೆಂಡತಿಯ ಒಡಹುಟ್ಟಿದವಳು. ಸುಳ್ಳು, ಸಂಚು, ಯೆಹೂದಿಗಳ ಮೇಲೆ ಬಹಿರಂಗ ದ್ವೇಷ, ಏನುಂಟು ಏನಿಲ್ಲ. ಸಾರಾ ಮತ್ತು ಜಾರ್ಜ್ ಒಂದಾಗದ ಹಾಗೆ ನೋಡಿಕೊಳ್ಳುವುದೇ ಅವಳ ಕೆಲಸ. ಪಾತ್ರ ಮಾಡಿದವರದು ತಪ್ಪಿಲ್ಲ, ಚೆನ್ನಾಗೇ ಮಾಡಿದ್ದಾರೆ. ಆದರೆ ಊರಿಗೆಲ್ಲ ಹಂಚಿಹೋಗಿದ್ದ ವಿಷವನ್ನು ಬಳಿದು ಒಬ್ಬಳ ಬಾಟಲಿಗೆ ತುಂಬಿದ ಹಾಗಾಯಿತು. ಅವಳನ್ನು ಬೈದುಕೊಂಡು ನಾವು ಬಚಾವ್. ನಮ್ಮ ಕನ್ನಡ ಸೀರಿಯಲ್‌ಗಳಲ್ಲೂ ಇದೇ ತಾನೇ ಆಗುವುದು? ಒಬ್ಬಳು ಕೆಟ್ಟ ಅತ್ತೆ, ಒಬ್ಬಳು ಕೆಟ್ಟ ಅತ್ತಿಗೆ ಇದ್ದರೆ ಉಳಿದ ಮನೆಯವರೆಲ್ಲ ದೇವರಂಥವರು. ಅತ್ತೆ ಬಾಯಿ ಮಾಡುವಾಗ ತಲೆ ತಗ್ಗಿಸಿ ಊಟ ಮಾಡುತ್ತಿದ್ದವರ ಕಡೆ ಕ್ಯಾಮೆರಾ ಹೋಗುವುದೇ ಇಲ್ಲ.

ಎಲಿಜಬೆತ್ ಮುಂದೆ ಬದಲಾಗುತ್ತಾಳೆ. ಜೇಮ್ಸ್ ಇರುವ ಹಾಗೇ ಇರಲಿ ಅನ್ನುವಲ್ಲಿಗೆ ಬರುತ್ತಾಳೆ. ನಿಧಾನವಾಗಿ, ತನ್ನ ಮೇಲೆ ತನಗೇ ಅಸಹ್ಯ ಬಂದು ಬದಲಾಗುತ್ತಾಳೆ. ಕಥೆ ಕಟ್ಟಿದ ಬೆವನ್ ಲೀ ಬಗ್ಗೆ ನನಗೆ ಗೌರವ ಇರುವುದು ಇದಕ್ಕೇ.

ಇನ್ನೊಂದು ಗುಟ್ಟು ಇದೆ ಆ ಮನೆಯಲ್ಲಿ. ಆನಾ ಜಾರ್ಜ್‌ನ ಮಗಳೇ ಅಲ್ಲ. ಅವನ ತಂಗಿ ಕ್ಯಾರೊಲಿನ್ ಮದುವೆಗೆ ಮುಂಚೆ ಹೆತ್ತ ಮಗು. ಮರ್ಯಾದೆಗೆ ಅಂಜಿ ಅಣ್ಣನ ಮಗಳಾಗಿ ಬೆಳೆಸಿದ್ದಾರೆ. ಹೆತ್ತವಳು 'ಅತ್ತೆ' ಅನ್ನಿಸಿಕೊಂಡು ಮಗಳ ಎದುರೇ ಓಡಾಡುತ್ತಾಳೆ. ಮದುವೆಯಾಗದ ತಾಯಂದಿರಿಂದ ಮಕ್ಕಳನ್ನು ಬಲವಂತವಾಗಿ ತೆಗೆದುಕೊಂಡು ದತ್ತು ಕೊಟ್ಟದ್ದಕ್ಕೆ ಪ್ರಧಾನಿ ಜೂಲಿಯಾ ಗಿಲಾರ್ಡ್ ದೇಶದ ಪರವಾಗಿ ಕ್ಷಮೆ ಕೇಳಿದ್ದು 2013ರ ಮಾರ್ಚ್ 21ಕ್ಕೆ. ಈ ಸೀರಿಯಲ್ ಶುರುವಾದದ್ದು ಅದೇ ಏಪ್ರಿಲ್ 28ಕ್ಕೆ. ಅದನ್ನು ನೋಡಲು ಕೂತ ಎಷ್ಟು ಮನೆಗಳಲ್ಲಿ ಕ್ಯಾರೊಲಿನ್‌ಗಳಿದ್ದರೋ.

ನನ್ನ ದೊಡ್ಡ ದೂರು ಬೇರೆಯೇ. ಯೆಹೂದಿ, ಇಟಾಲಿಯನ್, ಸಲಿಂಗಿ, ಎಲ್ಲರ ನೋವೂ ಇದೆ. ಆದರೆ ಆ ನೆಲದ ಮೂಲನಿವಾಸಿಗಳು ಮೊದಲ ಸೀಸನ್‌ಗಳಲ್ಲಿ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಕ್ಯಾಮ್ಡನ್ ಸುತ್ತಿನ ನೆಲ ಧರಾವಲ್ ಜನರದು. ಅಲ್ಲಿಂದ ದೂರವೇನಲ್ಲ ಆಪಿನ್. 1816ರ ಏಪ್ರಿಲ್ 17ರಂದು ಸೈನಿಕರು ಅಲ್ಲಿ ಹೆಂಗಸರು, ಮಕ್ಕಳು ಅನ್ನದೆ ಕೊಂದರು. ಕಡೇ ಪಕ್ಷ 14 ಜನ. ಬ್ಲೈಗಳಂಥವರ ಜಮೀನು ಬಂದದ್ದು ಎಲ್ಲಿಂದ ಅನ್ನುವುದೇ ಆ ಊರಿನ ಎಲ್ಲಕ್ಕಿಂತ ಹಳೇ ಗುಟ್ಟು. ಆರು ಸೀಸನ್ ಗುಟ್ಟುಗಳದೇ ಕಥೆ ಹೇಳಿದವರು ಅದನ್ನು ಅಗೆಯಬೇಕಿತ್ತು.

ಅಮ್ಮ ಊರಿಗೆ ಹೊರಡುವ ಮುಂಚಿನ ಶನಿವಾರ ಅವಳನ್ನು ಕ್ಯಾಮ್ಡನ್‌ಗೆ ಕರೆದುಕೊಂಡು ಹೋದೆ. ಆರ್ಗೈಲ್ ಬೀದಿ, ಗುಡ್ಡದ ಮೇಲೆ ಸೇಂಟ್ ಜಾನ್ಸ್ ಚರ್ಚು. ಚಿಕ್ಕ, ಚೊಕ್ಕ ಊರು. ಎದುರು ಸಿಕ್ಕವರೆಲ್ಲ ನಕ್ಕು ಮಾತಾಡಿಸಿದರು. ಅಮ್ಮ ಬೆಂಚಿನ ಮೇಲೆ ಕೂತು ಫ್ಲಾಸ್ಕಿನ ಕಾಫಿ ಕುಡಿಯುತ್ತಾ, "ಅಕ್ಕ ಹೇಳಬೇಡ ಅಂದ್ಲು ನಿಜ. ನಾನು ಯಾಕೆ ಹೇಳ್ಲಿಲ್ಲ?" ಅಂದಳು. ನನ್ನನ್ನು ಕೇಳಿದ್ದಲ್ಲ ಅದು.

ರಾತ್ರಿ ಶಿವಮೊಗ್ಗಕ್ಕೆ ಫೋನ್ ಮಾಡಿಸಿದಳು. ಉಪ್ಪಿನಕಾಯಿ ಕಳಿಸುತ್ತಿದ್ದದ್ದು ನಿನ್ನಮ್ಮ ಅಂತ ಹೇಳಿದಳು. ಸ್ಪೀಕರ್‌ನಲ್ಲಿ ಅಕ್ಕನ ದನಿ ಆರಾಮಾಗೇ ಇತ್ತು.

"ಗೊತ್ತಿತ್ತು ಚಿಕ್ಕಮ್ಮ. ಅಮ್ಮನ ಕೈ ರುಚಿ ಗೊತ್ತಾಗಲ್ವಾ?"

ಆಮೇಲೆ ಸ್ವಲ್ಪ ತಡೆದು ಹೇಳಿದಳು. "ಕೊಟ್ಟ ಪಾತ್ರೆ ಖಾಲಿ ವಾಪಸ್ ಕಳಿಸಬಾರದು, ಒಂದು ಚಮಚ ಸಕ್ಕರೆಯಾದ್ರೂ ಹಾಕು ಅಂತ ಕಲಿಸಿದ್ದೇ ಅಮ್ಮ. ನಾನು ಪ್ರತಿ ಸಲ ಖಾಲಿ ಕಳಿಸ್ತಿದ್ದೆ. ಬೇಕು ಅಂತಾನೇ."