'ಪುಟ್ಟಿಗೆ' ಅಂತ ಬರೆಸಿದರೆ ಬೆಲೆ ಇಳಿಯುತ್ತಂತೆ!

ಭಾನುವಾರ ನಾಣ್ಯ, ಅಂಚೆಚೀಟಿ ಮೇಳಕ್ಕೆ ಹೋಗಿ ತಲೆ ಕೆಡಿಸಿಕೊಂಡು ಬಂದಿದ್ದೇನೆ. ನನ್ನ ಹಳೇ ಎರಡು ರೂಪಾಯಿ ನೋಟು ನಿಮಗೆಲ್ಲ ಗೊತ್ತಲ್ಲ, ಹಿಂಬದಿಯಲ್ಲಿ ಆರ್ಯಭಟ ಉಪಗ್ರಹದ ಚಿತ್ರ ಇರುವುದು. 1975ರಲ್ಲಿ ಹಾರಿದ ಆ ಉಪಗ್ರಹವನ್ನು ನಮ್ಮ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದವರಲ್ಲಿ ಒಬ್ಬರು ಅಪ್ಪನ ಗೆಳೆಯರು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ನೋಟಿನ ಮೇಲೆ 'ಪುಟ್ಟಿಗೆ, ಪ್ರೀತಿಯಿಂದ' ಅಂತ ಬರೆದು ಸಹಿ ಹಾಕಿಕೊಟ್ಟಿದ್ದರು. (ನೋಟಿನ ಮೇಲೆ ಬರೆಯಬಾರದು ಅಂತ ಕಾಮೆಂಟ್ ಹಾಕುವವರು ಸ್ವಲ್ಪ ತಡೀರಿ.) ಮೇಳದ ವ್ಯಾಪಾರಿ ಅದನ್ನು ಬೆಳಕಿಗೆ ಹಿಡಿದು ಲೊಚಗುಟ್ಟಿದ. "ಅಯ್ಯೋ ಮೇಡಂ, ಹೆಸರು ಬರೆಸಿ ಹಾಳು ಮಾಡ್ಬಿಟ್ಟಿದ್ದೀರಲ್ಲ!"

ಹಾಳು!

ಸಹಿ ಕೂಡಿಡುವವರ ಲೋಕದ ಲೆಕ್ಕವೇ ಹೀಗಂತೆ. ನಾಸಾದ ಬಿಳಿ ಸ್ಪೇಸ್‌ಸೂಟ್ ಫೋಟೋ ಮೇಲೆ ನೀಲ್ ಆರ್ಮ್‌ಸ್ಟ್ರಾಂಗ್ ಸಹಿ ಮಾತ್ರ ಇದ್ದರೆ ಬೆಲೆ ಜಾಸ್ತಿ, 'ಇಂಥವರಿಗೆ' ಅಂತ ಹೆಸರೂ ಇದ್ದರೆ ಕಮ್ಮಿ. ಒಬ್ಬ ಮನುಷ್ಯ ನಿಂತು, ಹೆಸರು ಕೇಳಿ, ಬರೆದುಕೊಟ್ಟ ಗುರುತೇ ಇಲ್ಲಿ ಕುಂದು. ಸಹಿಗಳು ಮಾರಾಟಕ್ಕೆ ಹೋಗುತ್ತಿವೆ, ನಕಲಿಗಳೂ ಹುಟ್ಟಿಕೊಂಡಿವೆ ಅಂತ ಬೇಸತ್ತು 1994ರಲ್ಲಿ ಆರ್ಮ್‌ಸ್ಟ್ರಾಂಗ್ ಸಹಿ ಹಾಕುವುದನ್ನೇ ಬಿಟ್ಟರು. 2005ರಲ್ಲಿ ನೋಡಿದರೆ, ಅವರ ಕ್ಷೌರಿಕ ಕತ್ತರಿಸಿದ ಕೂದಲನ್ನೇ ಮಾರಿದ್ದು ಸುದ್ದಿಯಾಯಿತು. ಕೂದಲಿನ ಮೇಲೆ ಯಾರ ಹೆಸರೂ ಇರುವುದಿಲ್ಲ, ಒಳ್ಳೆ ಮಾಲು ಬಿಡಿ.

ಇನ್ನೊಂದು ತಮಾಷೆ. ಆ ಕಾಲದ ಗಗನಯಾತ್ರಿಗಳಿಗೆ ಬರುತ್ತಿದ್ದ ರಾಶಿ ಪತ್ರಗಳಿಗೆ ಆಟೋಪೆನ್ ಎಂಬ ಯಂತ್ರವೂ ಸಹಿ ಹಾಕುತ್ತಿತ್ತು. ಎರಡು ಸಹಿಗಳನ್ನು ಒಂದರ ಮೇಲೊಂದು ಇಟ್ಟಾಗ ಕೂದಲೆಳೆಯಷ್ಟೂ ಆಚೀಚೆ ಆಗದಿದ್ದರೆ ಅದು ಯಂತ್ರದ್ದು. ಕೈಯಲ್ಲಿ ಬರೆದ ನಾಲ್ಕು ಪದ ಜೊತೆಗಿದ್ದರೆ ಅಸಲಿಯೋ ನಕಲಿಯೋ ಹೋಲಿಸಿ ನೋಡಲು ಅಷ್ಟಾದರೂ ಅಕ್ಷರ ಸಿಗುತ್ತವೆ, ಅಲ್ವಾ? ಅದಕ್ಕೂ ಬೆಲೆ ಕಮ್ಮಿ!

ಸಹಿ ಇರುವುದೇ ಮಾರುವುದಕ್ಕೆ ಅನ್ನುವವರು, ಮನುಷ್ಯರನ್ನು ಮೊದಲ ಸಲ ಚಂದ್ರನ ಮೇಲೆ ಇಳಿಸಿದ ಅಪೊಲೊ 11ರ ಲಕೋಟೆಗಳನ್ನು ತೋರಿಸುತ್ತಾರೆ. ಸರಿ, ತಾವು ವಾಪಸ್ ಬರದಿದ್ದರೆ ಹೆಂಡತಿ ಮಕ್ಕಳು ಮಾರಿಕೊಳ್ಳಲಿ ಅಂತ ಆ ಯಾನದ ಮೂವರು ಗಗನಯಾತ್ರಿಗಳು ಹೊರಡುವ ಮೊದಲೇ ಲಕೋಟೆಗಳಿಗೆ ಸಹಿ ಹಾಕಿಟ್ಟಿದ್ದರು. ಉಡಾವಣೆಯ ದಿನ, ಚಂದ್ರನ ಮೇಲೆ ಇಳಿದ ದಿನ ಅವುಗಳಿಗೆ ಅಂಚೆ ಮುದ್ರೆ ಬಿತ್ತು. ಅದು ಜೀವಕ್ಕೆ ಹೆದರಿ ಮಾಡಿಟ್ಟ ವಿಮೆ ಕಣ್ರೀ. ಮೇಳದ ಮೇಜಿನ ವ್ಯಾಪಾರಕ್ಕೂ ಅದಕ್ಕೂ ಏನು ಸಂಬಂಧ? ಬರೀ ವ್ಯಾಪಾರ ಬೇಕಿದ್ದರೆ ಅಪೊಲೊ 15ರ ಕಥೆ ಹೇಳಿ. 1971ರಲ್ಲಿ ಅದರ ಗಗನಯಾತ್ರಿಗಳು ಅನುಮತಿ ಇಲ್ಲದೆ ಸುಮಾರು 400 ಲಕೋಟೆ ಚಂದ್ರನಿಗೆ ಒಯ್ದರು. ಅದರಲ್ಲಿ 100 ಜರ್ಮನಿಯ ವ್ಯಾಪಾರಿಯ ಕೈ ಸೇರಿದವು. ಮೂವರೂ ಮತ್ತೆ ಹಾರಲಿಲ್ಲ.

ಇಷ್ಟೆಲ್ಲ ಬೈದೆ. ಈಗ ನನ್ನದೂ ಒಂದಿದೆ, ಹೇಳಿಬಿಡುತ್ತೇನೆ.

ಹೋದ ವರ್ಷ ಒಂದು ಕಾರ್ಯಕ್ರಮದಲ್ಲಿ ನಿವೃತ್ತ ವಿಜ್ಞಾನಿಯೊಬ್ಬರ ಮುಂದೆ ಅವರ ಪುಸ್ತಕ ಹಿಡಿದೆ. "ಹೆಸರೇನಮ್ಮ?" ಅಂದರು. "ಹೆಸರು ಬೇಡ ಸರ್, ಸುಮ್ನೆ ಸಹಿ ಸಾಕು" ಅಂದೆ. ಪೆನ್ನು ಹಾಗೇ ಹಿಡಿದು ಒಂದು ಸಲ ನನ್ನ ಮುಖ ನೋಡಿದರು. ಆಮೇಲೆ ಸಹಿ ಹಾಕಿ ಕೊಟ್ಟರು.

ಆ ಪುಸ್ತಕ ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇದೆ. ಮೇಳದವನಿಗೆ ತೋರಿಸಿದ್ದರೆ ಖುಷಿಪಡುತ್ತಿದ್ದ.